ಶೆಲ್ಕಾಲ್ 500: ಮುಟ್ಟು ನಿಂತವರಲ್ಲಿ ಯಾರಿಗೆ ಸಾಕು, ಯಾರಿಗೆ ಆಗದು

ಕುಂಬಳೆಯಿಂದ ಪೆರ್ಲದವರೆಗೆ ಯಾವ ಮೆಡಿಕಲ್‌ಗೆ ಹೋಗಿ ಎಲುಬಿಗೆ ಮಾತ್ರೆ ಕೇಳಿದರೂ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಶೆಲ್ಕಾಲ್ 500, ಇಲ್ಲವೇ ಅದರಂಥದ್ದೇ ಇನ್ನೊಂದು. ಒಂದು ಮಾತ್ರೆಯಲ್ಲಿ 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಶೇ 40ರಷ್ಟು, ಅಂದರೆ 500 ಮಿಲಿಗ್ರಾಂ, ಕ್ಯಾಲ್ಸಿಯಂ. ಜೊತೆಗೆ 250 ಯೂನಿಟ್ ವಿಟಮಿನ್ ಡಿ3. ಹೆಸರಿನ ಸಂಖ್ಯೆಯೇ ನಿಜವಾದ ಕ್ಯಾಲ್ಸಿಯಂ ಲೆಕ್ಕ ಎಂಬುದು ಇದರ ದೊಡ್ಡ ಗುಣ. ಪಕ್ಕದಲ್ಲಿರುವ ಕ್ಯಾಲ್ಸಿಯಂ ಸಿಟ್ರೇಟ್ ಸ್ಟ್ರಿಪ್‌ನಲ್ಲಿ '1000' ಎಂದಿದ್ದರೆ ಹೆಚ್ಚಾಗಿ ಅದು ಸಿಟ್ರೇಟಿನ ತೂಕ. ಒಳಗಿನ ಕ್ಯಾಲ್ಸಿಯಂ 210ರ ಆಸುಪಾಸು. ಹಿಂದೆ ಸಣ್ಣ ಅಕ್ಷರದಲ್ಲಿ 'ಎಲಿಮೆಂಟಲ್ ಕ್ಯಾಲ್ಸಿಯಂ' ಎಷ್ಟೆಂದು ನೋಡದೆ ಯಾವುದನ್ನೂ ಕೊಳ್ಳಬೇಡಿ.

ಸಸ್ಯಾಹಾರಿ ಮನೆಯವರು ಒಂದು ವಿಷಯ ತಿಳಿದಿರಬೇಕು: ಇದರ ಕಾರ್ಬೊನೇಟ್ ಸಮುದ್ರದ ಸಿಂಪಿ ಚಿಪ್ಪಿನದು.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಗೆಂದು ಅಷ್ಟನ್ನೂ ಮಾತ್ರೆಯಿಂದ ತುಂಬಿಸಬಾರದು. ಮೊದಲು ಊಟದ ಲೆಕ್ಕ ಹಾಕಿ. ಒಂದು ಲೋಟ (200 ಮಿ.ಲೀ.) ಹಾಲಿಗೆ ಸುಮಾರು 240, ಒಂದು ಬಟ್ಟಲು ಮೊಸರಿಗೆ 180, 50 ಗ್ರಾಂ ರಾಗಿಯಿಂದ ಮಾಡಿದ ಮಣ್ಣಿಗೆ (ಗಂಜಿಯಂಥದ್ದು) 175, ಉಳಿದ ಅನ್ನ, ಬೇಳೆ, ತರಕಾರಿ ಸೇರಿ ಇನ್ನೊಂದು 150. ಒಟ್ಟು ಸುಮಾರು 750 ಆಯಿತು. ಕೊರತೆ 450, ಅದಕ್ಕೆ ಒಂದೇ ಮಾತ್ರೆ ಸಾಕು. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ವಾರದಲ್ಲಿ ಮೂರ್ನಾಲ್ಕು ದಿನ ಇರುವ ಮನೆಯಲ್ಲಿ ಆ ದಿನಗಳಲ್ಲಿ ಅದೂ ಬೇಕಾಗದಿರಬಹುದು. ಹರಿವೆಯ ಕ್ಯಾಲ್ಸಿಯಂ ಕಾಗದದ ಮೇಲೆ ದೊಡ್ಡದು, ಆದರೆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುವುದರಿಂದ ಮೈಗೆ ಹತ್ತುವುದು ಸ್ವಲ್ಪವೇ. ಎಲೆಯಡಿಕೆಯ ಸುಣ್ಣವನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಡಿ. ಅಡಿಕೆ ಬಾಯಿಯ ಕ್ಯಾನ್ಸರ್ ತರುವ ವಸ್ತು.

ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು. ಹಾಗಾಗಿ ಮಧ್ಯಾಹ್ನದ ಊಟದ ಜೊತೆ, ಇಲ್ಲವೇ ಊಟ ಮುಗಿದ ಕೂಡಲೇ ನುಂಗಬೇಕು. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ಕೊಟ್ಟರೆ ಹೀರುವ ಪ್ರಮಾಣ ಇಳಿಯುತ್ತದೆ. ಎರಡು ಬೇಕಾದವರು ಮಧ್ಯಾಹ್ನ ಒಂದು, ರಾತ್ರಿ ಒಂದು ಮಾಡಿಕೊಳ್ಳಿ. ಗ್ಯಾಸ್ಟ್ರಿಕ್‌ಗೆಂದು ದಿನವೂ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಶೆಲ್ಕಾಲ್ ಸರಿಹೋಗದು: ಆಮ್ಲವೇ ಕಡಿಮೆ, ಮಾತ್ರೆ ಸರಿಯಾಗಿ ಕರಗದು. ಅವರಿಗೂ, ಕಾರ್ಬೊನೇಟಿನಿಂದ ಮಲಬದ್ಧತೆ, ಹೊಟ್ಟೆಯುಬ್ಬರ ಬರುವವರಿಗೂ ಸಿಟ್ರೇಟ್ ವಾಸಿ. ಅದನ್ನು ಊಟವಿಲ್ಲದೆಯೂ ತೆಗೆದುಕೊಳ್ಳಬಹುದು. ತೊಂದರೆಯೆಂದರೆ ಅದೇ 500ಕ್ಕೆ ಎರಡು ಮೂರು ಮಾತ್ರೆ ಬೇಕು, ಖರ್ಚೂ ಏರುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಕೆಡುವುದು ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಆ ಮಾತ್ರೆಯ ಥೈರಾಕ್ಸಿನ್ ಅನ್ನು ಸರಿಯಾಗಿ ಹೀರಲು ಬಿಡುವುದಿಲ್ಲ, ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿ ಏರುತ್ತದೆ, ವೈದ್ಯರು ಡೋಸ್ ಹೆಚ್ಚಿಸುತ್ತಾರೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಇರಲಿ. ಕಬ್ಬಿಣದ ಮಾತ್ರೆಗೆ ಎರಡು ಗಂಟೆ. ಕಿಡ್ನಿ ಕಲ್ಲು ಬಂದವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. 60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣವನ್ನು ವಾರಕ್ಕೊಂದು ಎಂದು ಬರೆದಿದ್ದರೂ ದಿನಕ್ಕೊಂದು ಕುಡಿದರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಕಿಡ್ನಿಗೆ ಪೆಟ್ಟು.

'ಮಹಿಳೆಯರಿಗೆ' ಎಂದು ಬರೆದ ಡಬ್ಬಿಯ ಮಾಲ್ಟ್ ಪುಡಿಗಳು ಬೇಡ. ಸಕ್ಕರೆ ಎಷ್ಟೆಂದು ಓದಿದರೆ ಸಾಕು. ಹಾಲು, ರಾಗಿ ಅದಕ್ಕಿಂತ ಎಷ್ಟೋ ಮೇಲು.

ಮಾತ್ರೆ ಕೊರತೆಯನ್ನಷ್ಟೇ ತುಂಬುತ್ತದೆ. ಮುಟ್ಟು ನಿಂತು ಈಸ್ಟ್ರೊಜನ್ ಹಾರ್ಮೋನ್ ಇಳಿದ ಮೊದಲ ಐದಾರು ವರ್ಷದ ವೇಗದ ಸವೆತವನ್ನು ಅದೊಂದೇ ತಡೆಯಲಾರದು. ಎಲುಬಿಗೆ ಭಾರ ಬೀಳಬೇಕು: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ. ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜಿಸಿ. ಸೊಂಟ ಮುರಿಯುವುದು ಬಿದ್ದಾಗ.

ನಿಂತಲ್ಲೇ ಜಾರಿ ಬಿದ್ದಷ್ಟಕ್ಕೇ ಮಣಿಕಟ್ಟೋ ಸೊಂಟವೋ ಮುರಿದವರು, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವತಿಯ ಎಲುಬಿಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದವರು ಈ ಮಾತ್ರೆಯನ್ನೇ ನಂಬಿ ಕೂರಬಾರದು. ಅವರು ಎಲುಬಿನ ಸವೆತದ ಔಷಧಿಯ ಬಗ್ಗೆ ವೈದ್ಯರ ಬಳಿ ಮಾತಾಡಲೇಬೇಕು. ಕ್ಯಾಂಪುಗಳಲ್ಲಿ ಹಿಮ್ಮಡಿಗೆ ಯಂತ್ರವಿಟ್ಟು ಕೊಡುವ ಅಂಕಿ ಡೆಕ್ಸಾಗೆ ಸಮವಲ್ಲ, ಅದು ಸೊಂಟವನ್ನೂ ಬೆನ್ನುಮೂಳೆಯನ್ನೂ ಅಳೆಯುವುದಿಲ್ಲ. ಡೆಕ್ಸಾ ಮಂಗಳೂರಿನಲ್ಲಿ ಆಗುತ್ತದೆ.