ನೆಲದಲ್ಲಿ ನೀರು ತುಂಬಿ ನಿಲ್ಲಿಸಿ ನೋಡದೆ ಬಚ್ಚಲಿಗೆ ಟೈಲ್ಸ್ ಹಾಕಿಸಬೇಡಿ

ಧಾರವಾಡದ ನಮ್ಮ ಮನೆಯಲ್ಲಿ ಕೆಳಗೆ ಬಾಡಿಗೆಯವರು, ಮೇಲೆ ನಾವು. ಮಂಡಿನೋವಿನಿಂದ ಹೊಸ್ತಿಲು ದಾಟಲೂ ಕಷ್ಟಪಡುತ್ತಿದ್ದ ತಾಯಿಯವರಿಗಾಗಿ, ಗಾಲಿಕುರ್ಚಿ ನೇರವಾಗಿ ಒಳಹೋಗುವಂತೆ, ಕಟ್ಟೆಯಿಲ್ಲದೆ ಇಡೀ ನೆಲವೇ ಜಳಕದ ಜಾಗವಾಗುವಂತೆ, ಮೇಲಂತಸ್ತಿನಲ್ಲಿ ಬಚ್ಚಲುಮನೆಯೊಂದನ್ನು ಮಾಡಿಸಿದೆವು. ಆರು ತಿಂಗಳು ತುಂಬುವುದರೊಳಗೆ ಅದನ್ನು ಒಡೆಸಬೇಕಾಯಿತು.

ಮೊದಲು ಕಂಡದ್ದು ಕೆಳಮನೆಯ ದೇವರ ಕೋಣೆಯ ಚಾವಣಿಯಲ್ಲಿ ಅಂಗೈಯಗಲದ ಕಂದು ಕಲೆ. ಶ್ರಾವಣದ ಜಡಿಮಳೆಗೆ ಗೋಡೆ ನೀರು ಕುಡಿದಿರಬೇಕೆಂದು ನಾನೂ ಗೌಂಡಿಯೂ ಸಮಾಧಾನ ಮಾಡಿಕೊಂಡೆವು. ದೀಪಾವಳಿ ಕಳೆದು ಮಳೆ ನಿಂತ ಮೇಲೂ ಕಲೆ ಹಬ್ಬುತ್ತಲೇ ಹೋಯಿತು, ಗಿಲಾವಿನ ಮೇಲೆ ಬಿಳಿ ಉಪ್ಪು ಎದ್ದಿತು. ನಾವು ಮಿಂದ ನೀರು ತಮ್ಮ ದೇವರ ಮೇಲೆ ತೊಟ್ಟಿಕ್ಕುತ್ತಿದೆಯೆಂದು ಬಾಡಿಗೆಯವರು ಬಾಯಿಬಿಟ್ಟು ಹೇಳಲಿಲ್ಲ. ಪಟಗಳನ್ನು ಸುಮ್ಮನೆ ಬೇರೆ ಗೋಡೆಗೆ ಸರಿಸಿಕೊಂಡರು.

ನಲ್ಲಿಯ ಕೊಳವೆಗಳಿಗೆ ಒತ್ತಡ ಹಾಕಿ ನೋಡಿದಾಗ ಮಾಪಕದ ಮುಳ್ಳು ಕದಲಲಿಲ್ಲ, ಅಂದರೆ ಕೊಳವೆ ಸೋರುತ್ತಿರಲಿಲ್ಲ. ಹಾಗಾದರೆ ದೋಷ ನೆಲದ್ದೇ. ಟೈಲ್ಸ್ ಕಿತ್ತಾಗ ಅದರಡಿಯ ಸಿಮೆಂಟು-ಉಸುಕಿನ ಹಾಸು ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಟೈಲ್ಸ್ ನೀರನ್ನು ತಡೆಯುತ್ತದೆ ಎಂಬುದು ನಾನು ಅದುವರೆಗೆ ನಂಬಿದ್ದ ತಪ್ಪು. ಸಂದಿಗೆ ತುಂಬುವ ಸಿಮೆಂಟಿನ ಸೂಕ್ಷ್ಮ ರಂಧ್ರಗಳಿಂದ ನೀರು ಕೆಳಗಿಳಿಯುತ್ತದೆ, ತಡೆಯಬೇಕಾದದ್ದು ಅದರ ಕೆಳಗಿನ ಲೇಪನ. ನಮ್ಮಲ್ಲಿ ಆ ಲೇಪನವೇ ಇರಲಿಲ್ಲ. ಗಾರೆಗೆ ಒಂದು ಡಬ್ಬಿ ವಾಟರ್‌ಪ್ರೂಫ್ ದ್ರಾವಣ ಸುರಿದದ್ದನ್ನೇ ವಾಟರ್‌ಪ್ರೂಫಿಂಗ್ ಎಂದು ಲೆಕ್ಕದಲ್ಲಿ ಬರೆದಿದ್ದರು. ನೆಲದ ನೀರು ಹೊರಹೋಗುವ ನಹಾಣಿ ಟ್ರ್ಯಾಪಿನ ಸುತ್ತಲಿನ ತೂತಿಗೆ ಇಟ್ಟಿಗೆ ಚೂರು ತುರುಕಲಾಗಿತ್ತು. ಬಚ್ಚಲಿನ ಜಾಗದಲ್ಲಿ ಸ್ಲ್ಯಾಬನ್ನು ತಗ್ಗಿಸಿ ಹಾಕಿರದ ಕಾರಣ ಇಳಿಜಾರಿಗೂ ಆಸ್ಪದವಿರಲಿಲ್ಲ: 80ಕ್ಕೆ 1ರಂತೆ ಹಿಡಿದರೂ 8 ಅಡಿ ಉದ್ದಕ್ಕೆ ಸುಮಾರು ಒಂದೂಕಾಲು ಇಂಚು ಇಳಿತ ಬೇಕು. ಹೊಸ್ತಿಲೂ ಇಲ್ಲದ್ದರಿಂದ ನೀರು ಹಾಸಿನೊಳಗೇ ಹರಿದು ಪಕ್ಕದ ಮಲಗುವ ಕೋಣೆಯ ಗೋಡೆಯ ಬುಡವನ್ನೂ ಉಬ್ಬಿಸಿತ್ತು. ಹಿಂದಿನವರ ಫರಸಿಯ ಬಚ್ಚಲಿನ ಕೆಳಗೆ ಮಣ್ಣಿತ್ತು, ಇಂಗಿದರೂ ನಡೆಯುತ್ತಿತ್ತು. ಇಲ್ಲಿ ಕೆಳಗಿರುವುದು ಇನ್ನೊಬ್ಬರ ಸಂಸಾರ ಮತ್ತು ಸ್ಲ್ಯಾಬಿನೊಳಗಿನ ತುಕ್ಕು ಹಿಡಿಯುವ ಕಬ್ಬಿಣ.

ಇದೆಲ್ಲ ಟೈಲ್ಸ್ ಹಾಕುವ ಮುನ್ನವೇ ಬಯಲಾಗಬಹುದಿತ್ತು. ನೆಲದ ಮೇಲೆ ನೀರು ತುಂಬಿ ನಿಲ್ಲಿಸಿ, ಸೋರುತ್ತದೆಯೇ ನೋಡೋಣವೆಂದು ನಾನು ಕೇಳಿದ್ದೆ. ‘ಎಂಟು ದಿನಕ್ಕೊಮ್ಮೆ ನಳ ಬರೋ ಊರಾಗ ನೀರು ಚೆಲ್ಲತೀರೇನ್ರಿ’ ಎಂದ ಗೌಂಡಿಯ ಮಾತಿಗೆ ನಾನೇ ನಾಚಿ ಸುಮ್ಮನಾದೆ. ಮಲಪ್ರಭೆಯ ನೀರಿಗೆ ದಿನವೆಣಿಸುವ ನಮಗೆ ಆ ಮಾತು ಬೇಗ ನಾಟುತ್ತದೆ. ಆಮೇಲೆ ಲೆಕ್ಕ ಹಾಕಿದೆ: 8 ಅಡಿಗೆ 5 ಅಡಿಯ ನೆಲದಲ್ಲಿ 2 ಇಂಚು ನೀರು ನಿಲ್ಲಿಸಲು ಬೇಕಾದದ್ದು ಸುಮಾರು 190 ಲೀಟರ್, ಒಂದು ಡ್ರಮ್ಮಿಗಿಂತ ಕಡಿಮೆ.

ಎರಡನೆಯ ಸಲ ಬೇರೆಯವರಿಂದ ಕೆಲಸ ಮಾಡಿಸಿದೆ. ಕೊಳವೆಯ ಸುತ್ತ ಒಣಗಿದರೂ ಕುಗ್ಗದ ಸಿಮೆಂಟಿನ ಗ್ರೌಟ್ ತುಂಬಿಸಿ, ನೆಲ-ಗೋಡೆ ಕೂಡುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿಸಿ, ಅಲ್ಲಿ ಫೈಬರ್ ಜಾಲರಿ ಕೂರಿಸಿ, ಪಾಲಿಮರ್-ಸಿಮೆಂಟ್ ಲೇಪನವನ್ನು ಎರಡು ಸಲ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ಬಳಿಸಿದೆ. ಸುತ್ತಲ ಗೋಡೆಗೆ 1 ಅಡಿ, ಶವರಿನ ಗೋಡೆಗೆ 7 ಅಡಿ ಎತ್ತರದವರೆಗೆ. ಇಳಿಜಾರು ಸಿಗಲೆಂದು ನೆಲವನ್ನು ಎತ್ತರಿಸಿ, ಬಾಗಿಲ ಹೊರಗೆ ಮೆಲ್ಲನೆ ಏರುವ ಪುಟ್ಟ ದಾರಿ ಮಾಡಿಸಬೇಕಾಯಿತು. ಸ್ಲ್ಯಾಬ್ ಹಾಕುವಾಗಲೇ ಯೋಚಿಸಿದ್ದರೆ ಇದು ತಪ್ಪುತ್ತಿತ್ತು.

ಪ್ಯಾಕೆಟ್ಟಿನ ಮೇಲೆ ಬರೆದಷ್ಟು ದಿನ ಲೇಪನವನ್ನು ಒಣಗಲು ಬಿಟ್ಟು, ಟ್ರ್ಯಾಪಿಗೆ ಬಿರಡೆ ಹಾಕಿ, ಬಾಗಿಲಿಗೆ ಇಟ್ಟಿಗೆಯ ಒಡ್ಡು ಕಟ್ಟಿ, ಗೋಡೆಯಲ್ಲಿ ಗುರುತು ಹಾಕಿ 48 ತಾಸು ನೀರು ನಿಲ್ಲಿಸಲು ಹೊರಟೆವು. ಮೊದಲ ರಾತ್ರಿಯೇ ಟ್ರ್ಯಾಪಿನ ಕೆಳಗೆ ಹನಿಯೊಂದು ಕಂಡಿತು. ಟೈಲ್ಸ್ ಇಲ್ಲದ್ದರಿಂದ ಅಷ್ಟು ಜಾಗವನ್ನು ಮಾತ್ರ ಅಗೆದು, ತುಂಬಿ, ಲೇಪಿಸಿ, ಮತ್ತೆ ನಿಲ್ಲಿಸಿದೆವು. ಆ ನೀರನ್ನು ಬಕೆಟ್ಟಿನಲ್ಲಿ ಹಿತ್ತಲ ಗಿಡಗಳಿಗೆ ಹೊತ್ತು ಹಾಕಿದೆವು. ಕೊನೆಯ ಕಂತಿನ ಹಣವನ್ನು ಕೊಟ್ಟದ್ದು ಆ ಎರಡನೆಯ ಪರೀಕ್ಷೆ ಮುಗಿದ ಮೇಲೆ. ಕೆಳಗಿನ ಚಾವಣಿ ಇನ್ನೂ ಪೂರ್ತಿ ಒಣಗಿಲ್ಲ, ಬೇಸಿಗೆ ಕಳೆಯುವವರೆಗೆ ಬಣ್ಣ ಬೇಡವೆಂದಿದ್ದಾರೆ. ಬಾಡಿಗೆಯವರ ಪಟಗಳು ಆ ಇನ್ನೊಂದು ಗೋಡೆಯಲ್ಲೇ ಇವೆ.