ಮಗುವಿನ ದೀಕ್ಷಾಸ್ನಾನ: ಅಮ್ಮನ ಚರ್ಚಲ್ಲೋ, ಅಪ್ಪನ ಚರ್ಚಲ್ಲೋ?

ಅಮ್ಮ ಕ್ಯಾಥೊಲಿಕ್, ಅಪ್ಪ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವರು. ಬೆಂಗಳೂರಲ್ಲಿ ಇಂಥ ಮನೆಗಳಿಗೆ ಬರವಿಲ್ಲ. ದೀಕ್ಷಾಸ್ನಾನಕ್ಕೆ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ಬ್ಯಾಪ್ಟಿಸಂಗೆ, ಮಗುವನ್ನು ಶಿವಾಜಿನಗರದ ಸೇಂಟ್ ಮೇರೀಸ್‌ಗೆ ಕರೆದೊಯ್ಯುವುದಾ, ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್‌ಗಾ?

ಎರಡೂ ಕಡೆ ಪುಟ್ಟ ತಲೆ ಮೇಲೆ ನೀರು ಬೀಳುತ್ತದೆ, ಮಗು ಅಳುತ್ತದೆ. ಆ ನೀರು ಏನು ಮಾಡುತ್ತದೆ ಅನ್ನುವುದರಲ್ಲೇ ವ್ಯತ್ಯಾಸ. ಕ್ಯಾಥೊಲಿಕರಿಗೆ ಜನ್ಮಪಾಪ, ಅಂದರೆ ಆದಾಮನಿಂದ ಹುಟ್ಟುತ್ತಲೇ ಬರುವ ಪಾಪ, ಅಲ್ಲೇ ತೊಳೆದುಹೋಗುತ್ತದೆ. ಪಾಪದ ಸೆಳೆತ ಉಳಿಯುತ್ತದೆ, ಆದರೆ ಅದೇ ಪಾಪವಲ್ಲ. 1546ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಹೇಳಿದ್ದು ಇದನ್ನೇ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್‌ಗೆ ಆ ಸೆಳೆತವೂ ಪಾಪವೇ. ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಇನ್ನೊಂದು ಪ್ರೊಟೆಸ್ಟಂಟ್ ಪಂಥವಾದ ಬ್ಯಾಪ್ಟಿಸ್ಟರು ಮಗುವಿಗೆ ನೀರೇ ಹಾಕುವುದಿಲ್ಲ. ಬೆಳೆದು ತಾನೇ ನಂಬಲಿ, ಆಮೇಲೆ ಪೂರ್ತಿ ಮುಳುಗಿಸೋಣ ಅನ್ನುತ್ತಾರೆ.

ಅಜ್ಜಿಯರು ಸುಮ್ನೆ ಜಗಳಾಡುವುದು ಬೇಡ. ತಂದೆ, ಮಗ, ಪವಿತ್ರಾತ್ಮರ ಹೆಸರಲ್ಲಿ ನೀರಿನಿಂದ ಆಗಿದ್ದರೆ ಸಿಎಸ್‌ಐ ದೀಕ್ಷಾಸ್ನಾನವನ್ನು ಕ್ಯಾಥೊಲಿಕರೂ ಒಪ್ಪುತ್ತಾರೆ. ಆದರೆ ಮದುವೆ ಕ್ಯಾಥೊಲಿಕ್ ಚರ್ಚಲ್ಲಿ ಆಗಿದ್ದರೆ, ಮಕ್ಕಳನ್ನು ಅದೇ ದಾರಿಯಲ್ಲಿ ಬೆಳೆಸಲು ಕೈಲಾದಷ್ಟು ಮಾಡ್ತೀನಿ ಅಂತ ಅಮ್ಮ ಆಗಲೇ ಮಾತು ಕೊಟ್ಟಿರುತ್ತಾರೆ, ಅಲ್ವಾ?