ಮಲೆನಾಡಿನ ಬಚ್ಚಲಿಗೆ ಬಿಸಿನೀರು: ಹಂಡೆ ಒಲೆ, ಸೋಲಾರ್, ಗೀಸರ್

ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ 2016ರಲ್ಲಿ ಗುತ್ತಿಗೆದಾರರಿಗೆ ವಹಿಸದೆ ನಾವೇ ಮುಂದೆ ನಿಂತು ಜಂಬಿಟ್ಟಿಗೆಯ ಮನೆ ಕಟ್ಟಿಸಿದಾಗ, ಅಡುಗೆಮನೆಗಿಂತ ಹೆಚ್ಚು ಚರ್ಚೆಯಾದದ್ದು ಬಚ್ಚಲು. ಅಮ್ಮನಿಗೆ ಹಂಡೆ ಒಲೆ ಬೇಕೇ ಬೇಕಿತ್ತು, ಹೆಂಡತಿಗೆ ಹೊಗೆ ಬೇಡವಾಗಿತ್ತು, ನನಗೆ ಸೋಲಾರ್ ಹಾಕಿಸುವ ಆಸೆ ಇತ್ತು. ಕೊನೆಗೆ ಒಂದೊಂದಾಗಿ ಮೂರನ್ನೂ ಮಾಡಿಸಿದೆವು. ಎಂಟು ವರ್ಷ ಬಳಸಿ, ಸಾಧ್ಯವಾದಲ್ಲೆಲ್ಲ ತೂಗಿ ಅಳೆದು ನೋಡಿದ ಮೇಲೆ ನನಗೆ ತಿಳಿದದ್ದನ್ನು, ಈಗ ಮನೆ ಕಟ್ಟಲು ಹೊರಟವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ನಮ್ಮ ಮನೆಯಲ್ಲಿ ಐದು ಜನ. ಒಬ್ಬರಿಗೆ ಎರಡು ಬಕೆಟ್, ಅಂದರೆ ಸುಮಾರು 40 ಲೀಟರ್ ಎಂದು ಹಿಡಿದರೆ ದಿನಕ್ಕೆ 200 ಲೀಟರ್ ನೀರು ಬೇಕು. ಬಾವಿಯಿಂದ ಸುಮಾರು 22 ಡಿಗ್ರಿಯಲ್ಲಿ ಬರುವ ಈ ನೀರು ಮೈಗೆ ಹಿತವಾಗುವ 40 ಡಿಗ್ರಿಗೆ ಏರಬೇಕಾದರೆ 4.2 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕಾಗುತ್ತದೆ. ಕಟ್ಟಿಗೆಯಿಂದ ಬರಲಿ, ಬಿಸಿಲಿನಿಂದ ಬರಲಿ, ಲೈನಿನಿಂದ ಬರಲಿ, ನೀರಿಗೆ ಸೇರಬೇಕಾದ ಶಾಖ ಇಷ್ಟೇ.

ಗೀಸರ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ನಮ್ಮದು 15 ಲೀಟರಿನ, 2 ಕಿಲೋವ್ಯಾಟ್‌ನ ಸಾಧಾರಣ ಗೀಸರ್. ವೋಲ್ಟೇಜ್ ಸರಿಯಾಗಿ 230 ಇದ್ದರೆ ಇಪ್ಪತ್ತು ನಿಮಿಷದಲ್ಲಿ ನೀರು 60 ಡಿಗ್ರಿಗೆ ಏರುತ್ತದೆ. ಅದನ್ನು ತಣ್ಣೀರಿಗೆ ಬೆರೆಸಿದರೆ ಹದವಾದ ನೀರು 30 ಲೀಟರಿನಷ್ಟು ಸಿಗುತ್ತದೆ, ಅಂದರೆ ಒಬ್ಬರಿಗೂ ಸಾಲದು. ಹಳ್ಳಿಯ ಲೈನಿನಲ್ಲಿ ಬೆಳಗ್ಗೆ ಎಲ್ಲರ ಮನೆಯ ಪಂಪು, ಮಿಕ್ಸಿಗಳು ಓಡುವ ಹೊತ್ತಿಗೆ ವೋಲ್ಟೇಜ್ 170ಕ್ಕೆ ಇಳಿಯುವುದನ್ನು ನಾನು ಮೀಟರಿನಲ್ಲಿ ಹಲವು ಸಲ ಕಂಡಿದ್ದೇನೆ. ನೀರು ಕಾಯಿಸುವ ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ಆಗ 2 ಕಿಲೋವ್ಯಾಟ್ ಇದ್ದದ್ದು ಒಂದು ಚಿಲ್ಲರೆಗೆ ಬಂದು, ಇಪ್ಪತ್ತು ನಿಮಿಷದ ಕೆಲಸ ಮೂವತ್ತೈದು ನಿಮಿಷಕ್ಕೂ ಮೀರಿ ಹೋಗುತ್ತದೆ. ಐದೂ ಜನ ಗೀಸರನ್ನೇ ನಂಬಿದರೆ ತಿಂಗಳಿಗೆ 125 ಯೂನಿಟ್ ಸ್ನಾನಕ್ಕೇ ಬೇಕು. ಗೃಹಜ್ಯೋತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ; ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕಾದ್ದರಿಂದ, ಫ್ರಿಜ್ಜು, ಪಂಪು, ಮಿಕ್ಸಿ ಇರುವ ಮನೆಯಲ್ಲಿ ಗೀಸರ್ ಆ ಗೆರೆಯನ್ನು ಸುಲಭವಾಗಿ ದಾಟಿಸುತ್ತದೆ. ನಮ್ಮಲ್ಲಿ ಅದು ಕಾಯಿಲೆಯವರಿಗೆ, ಅಪರಾತ್ರಿಯಲ್ಲಿ ಬಂದಿಳಿದ ನೆಂಟರಿಗೆ ಮೀಸಲು. ಒಳ್ಳೆಯ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನನ್ನು ಕಡಿಯುವ ಸ್ವಿಚ್ಚು) ಇಲ್ಲದೆ ಅದನ್ನು ಬಚ್ಚಲಿನಲ್ಲಿ ಕೂರಿಸಲೇಬಾರದು.

ಹಂಡೆ ಒಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು. ಮೊದಲು ಕಟ್ಟಿದ್ದು ಹಳೆಯ ಮನೆಯದರಂಥದ್ದೇ ಒಲೆ: ಅಗಲವಾದ ಬಾಯಿ, ನೆಲದ ಮೇಲೇ ಉರಿ, ಹಂಡೆಗೂ ಒಲೆಯ ಗೋಡೆಗೂ ನಡುವೆ ನಾಲ್ಕು ಬೆರಳಿನ ಜಾಗ. ಆ ಒಲೆಗೆ ಹಾಕುವ ಕಟ್ಟಿಗೆಯನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ಹದಿನೈದು ದಿನ ಸತತವಾಗಿ ತೂಗಿದೆ. ದಿನಕ್ಕೆ ಸರಾಸರಿ 9 ಕಿಲೋ ಆಯಿತು. ಒಣ ಕಟ್ಟಿಗೆಯ ಕಿಲೋ ಒಂದರಲ್ಲಿ 4 ಯೂನಿಟ್ಟಿಗಿಂತ ಹೆಚ್ಚು ಶಾಖ ಅಡಗಿರುವಾಗ, ಒಂದೆರಡು ಕಿಲೋದಲ್ಲಿ ಇರುವಷ್ಟು ಶಾಖಕ್ಕಾಗಿ ನಾವು ಒಂಬತ್ತು ಕಿಲೋ ಸುಡುತ್ತಿದ್ದೆವು. ಉಳಿದದ್ದು ಹೊಗೆಯಾಗಿ ಹೋಗುತ್ತಿತ್ತು, ಜೊತೆಗೆ ಒಲೆಯ ಮುಂದೆ ಕೂತು ಊದುವವರ ಕಣ್ಣಿಗೂ ಎದೆಗೂ ಸೇರುತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ಕೇಂದ್ರ 'ಅಸ್ತ್ರ' ರೂಪಿಸಿದ ಒಲೆಯ ಹೆಸರನ್ನು ನಮ್ಮ ಕಡೆ ಹಿರಿಯರೆಲ್ಲ ಕೇಳಿದ್ದಾರೆ. ಅದರ ತತ್ವ ಸರಳವಾದದ್ದು: ಉರಿಗೆ ಕೆಳಗಿನಿಂದ ಗಾಳಿ ಸಿಗಬೇಕು, ಬೇಡದ ಗಾಳಿ ಒಳಗೆ ನುಗ್ಗಬಾರದು, ಬಿಸಿಗಾಳಿ ಪಾತ್ರೆಯನ್ನು ಉಜ್ಜಿಕೊಂಡೇ ಹೊರಗೆ ಹೋಗಬೇಕು. 2019ರ ಬೇಸಿಗೆಯಲ್ಲಿ ನಾವು ಒಲೆಯನ್ನು ಒಡೆದು, ಈ ತತ್ವ ಹಿಡಿದು ಮತ್ತೆ ಕಟ್ಟಿದೆವು. ಕೆಳಗೆ ಎರಕದ ಕಬ್ಬಿಣದ ಜಾಲರಿ, ಅದರಡಿ ಬೂದಿಗುಳಿ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಕಲಸಿ, ಹಂಡೆಯನ್ನು ಕೂರಿಸಿಕೊಂಡೇ ಒಳಗೋಡೆ ಮೆತ್ತಿದೆವು. ಹಂಡೆಯ ಸುತ್ತ ಬಿಟ್ಟ ಸಂದು ಕಿರುಬೆರಳು ಹೋಗುವಷ್ಟು ಮಾತ್ರ. ಹಿಂಬದಿಯಿಂದ ನಾಲ್ಕು ಇಂಚಿನ ಹೊಗೆಕೊಳವೆ ಹೊರಟು ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲೆ ನಿಲ್ಲುತ್ತದೆ. ಒಲೆಯ ಬಾಯಿಯನ್ನು ಬಚ್ಚಲಿನ ಒಳಗಿನಿಂದ ಹೊರಜಗುಲಿಗೆ ತಿರುಗಿಸಿದೆವು, ಇದರಿಂದ ಸ್ನಾನ ಮಾಡುವವರಿಗೆ ತೊಂದರೆಯಾಗದಂತೆ ಉರಿ ನೋಡಿಕೊಳ್ಳಬಹುದು.

ಖರ್ಚಾದದ್ದು ಇಬ್ಬರು ಆಳುಗಳ ಎರಡು ದಿನದ ಕೂಲಿ, ಒಂದು ಜಾಲರಿ, ಕೊಳವೆ. ಮತ್ತೆ ಹದಿನೈದು ದಿನ ತೂಗಿದಾಗ ಕಟ್ಟಿಗೆ ನಾಲ್ಕೂವರೆ ಕಿಲೋಗೆ ಇಳಿದಿತ್ತು. ಇಡೀ ಮನೆಯಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಲಾಭ ಕೊಟ್ಟ ಕೆಲಸ ಇನ್ನೊಂದಿಲ್ಲ. ಅಡಿಕೆ ಸಿಪ್ಪೆ, ಒಣಸೋಗೆ, ತೆಂಗಿನ ಮಟ್ಟೆ, ಕರಟ ಇವೆಲ್ಲ ತೋಟದಲ್ಲಿ ಬಿದ್ದು ಕೊಳೆಯುವಂಥವು, ಹಾಗಾಗಿ ಈಗ ಒಲೆಗೆಂದು ಕಾಡಿಗೆ ಹೋಗಿ ಕಟ್ಟಿಗೆ ತರುವುದಿಲ್ಲ. ಆದರೆ ಎರಡು ಮಾತು ನೆನಪಿಡಬೇಕು. ಹಸಿ ಕಟ್ಟಿಗೆಯನ್ನು ಎಂಥ ಒಲೆಗೆ ಹಾಕಿದರೂ ಅದರೊಳಗಿನ ನೀರನ್ನು ಕುದಿಸುವುದರಲ್ಲೇ ಶಾಖದ ಒಂದು ಪಾಲು ಕಳೆದುಹೋಗುತ್ತದೆ. ಮಳೆಗಾಲದ ಕಟ್ಟಿಗೆ ಮಾರ್ಚ್ ತಿಂಗಳಲ್ಲೇ ಸೀಳಿ ಒಣಗಿ ಅಟ್ಟ ಸೇರಿರಬೇಕು. ಎರಡನೆಯದು, ಸಂದು ಕಿರಿದಾದಷ್ಟೂ ಮಸಿ ಬೇಗ ಕಟ್ಟುತ್ತದೆ. ತಿಂಗಳಿಗೊಮ್ಮೆ ಹಂಡೆ ಎತ್ತಿ ಕೆರೆದು, ಕೊಳವೆಯೊಳಗೆ ಹಗ್ಗಕ್ಕೆ ಕಟ್ಟಿದ ಗೋಣಿಯುಂಡೆ ಎಳೆಯದಿದ್ದರೆ ಹೊಗೆ ಮತ್ತೆ ಬಾಯಿಯಿಂದಲೇ ಬರುತ್ತದೆ.

ಸೋಲಾರಿನ ಕಥೆ ಉದ್ದ, ಏಕೆಂದರೆ ಅದರಲ್ಲಿ ನಾವು ಮಾಡಿದ ತಪ್ಪುಗಳೂ ಹೆಚ್ಚು. ಮೊದಲು ಹಾಕಿಸಿದ್ದು 200 ಲೀಟರಿನ ಗಾಜಿನ ಕೊಳವೆಗಳ ಸೋಲಾರ್. ಎರಡು ಪದರದ ಗಾಜಿನ ನಡುವೆ ಫ್ಲಾಸ್ಕಿನಲ್ಲಿ ಇರುವಂತೆ ನಿರ್ವಾತ ಇರುವುದರಿಂದ ಹೀರಿಕೊಂಡ ಶಾಖ ಹೊರಗೆ ಹೋಗುವುದಿಲ್ಲ. ಮೋಡದ ದಿನವೂ, ಚಳಿಗಾಳಿಯ ದಿನವೂ ನೀರು ತಕ್ಕಮಟ್ಟಿಗೆ ಬಿಸಿಯಾಗುತ್ತದೆ. ಕೆಲಸದ ದೃಷ್ಟಿಯಿಂದ ನನಗೆ ಅದರ ಮೇಲೆ ದೂರಿಲ್ಲ. ಅದು ನಮ್ಮಲ್ಲಿ ಬಾಳದೆ ಹೋದದ್ದು ಮಂಗಗಳಿಂದ. ಮೂರು ವರ್ಷದಲ್ಲಿ ಏಳು ಕೊಳವೆ ಒಡೆದವು. ಒಂದು ಕೊಳವೆ ಒಡೆದರೂ ತೊಟ್ಟಿಯ ನೀರೆಲ್ಲ ಸುರಿದುಹೋಗುತ್ತದೆ. ರಿಪೇರಿಗೆ ಬಂದವರು ಒಮ್ಮೆ ನಡುಮಧ್ಯಾಹ್ನ, ನೀರಿಲ್ಲದೆ ಬಿಸಿಲಿಗೆ ಕಾದು ನಿಂತಿದ್ದ ಕೊಳವೆಗಳಿಗೆ ತಣ್ಣೀರು ಬಿಟ್ಟಾಗ ಮತ್ತೆರಡು 'ಟಣ್' ಎಂದು ಸೀಳಿದವು. ನೀರು ತುಂಬುವ ಕೆಲಸವನ್ನು ಬೆಳಗಿನ ಜಾವ ಅಥವಾ ಸಂಜೆಯೇ ಮಾಡಬೇಕು.

ನಂತರ ಬದಲಿಸಿದ್ದು ಚಪ್ಪಟೆ ಫಲಕದ ಸೋಲಾರ್. ಗಟ್ಟಿ ಗಾಜಿನ ಕೆಳಗೆ ಕಪ್ಪು ಲೇಪನದ ತಾಮ್ರದ ಹಾಳೆ ಮತ್ತು ಕೊಳವೆಗಳಿರುವ ಎರಡು ಪೆಟ್ಟಿಗೆಗಳು. ಮಂಗ ಕೂತರೂ ಕುಣಿದರೂ ಈವರೆಗೆ ಏನೂ ಆಗಿಲ್ಲ. ಮೋಡದ ದಿನ ಇದು ಗಾಜಿನ ಕೊಳವೆಯದಕ್ಕಿಂತ ಹಿಂದೆ ಬೀಳುವುದು ನಿಜ. ಆದರೆ ನೀರು ಹೆಪ್ಪುಗಟ್ಟುವಂಥ ಚಳಿ ನಮ್ಮಲ್ಲಿ ಇಲ್ಲ, ನವೆಂಬರಿನಿಂದ ಮೇವರೆಗೆ ಬಿಸಿಲಿಗೆ ಬರವಿಲ್ಲ. ನಮ್ಮದು ಬಾವಿಯ ಮೆದುನೀರು. ಬಯಲುಸೀಮೆಯಲ್ಲಿ ಗಡಸು ಬೋರ್‌ವೆಲ್ ನೀರು ಬಳಸುವವರು ಇದನ್ನು ಹಾಕಿಸಿದರೆ ಕಿರಿದಾದ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಹರಿವೇ ನಿಲ್ಲುವ ಅಪಾಯ ಇರುವುದರಿಂದ, ಅವರಿಗೆ ಗಾಜಿನ ಕೊಳವೆಯದೇ ಲೇಸು.

ಯಾವ ಬಗೆಯದು ಎಂಬುದಕ್ಕಿಂತ ಅದನ್ನು ಕೂರಿಸುವ ಕ್ರಮವೇ ಮುಖ್ಯವೆಂದು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. 200 ಲೀಟರ್ ನೀರೇ 200 ಕಿಲೋ ತೂಗುತ್ತದೆ, ತೊಟ್ಟಿ ಮತ್ತು ಚೌಕಟ್ಟಿನ ತೂಕ ಬೇರೆ; ಹೆಂಚಿನ ಮಾಡಿನ ಪಕಾಸು, ರೀಪುಗಳು ಇದನ್ನು ಹೊರಲಾರವು. ನಾವು ಬಚ್ಚಲಿಗೆ ಮಾತ್ರ ಆರ್‌ಸಿಸಿ ಚಾವಣಿ ಹಾಕಿಸಿದ್ದರಿಂದ ಅದರ ಮೇಲೆ ಕೂರಿಸಲು ಸಾಧ್ಯವಾಯಿತು. ತಣ್ಣೀರಿನ ಟ್ಯಾಂಕು ಸೋಲಾರ್ ತೊಟ್ಟಿಗಿಂತ ಎತ್ತರದಲ್ಲಿರಬೇಕು, ಸೋಲಾರ್ ತೊಟ್ಟಿಯ ಗಾಳಿ ಪೈಪು ಆ ಟ್ಯಾಂಕಿನ ನೀರಿನ ಮಟ್ಟಕ್ಕಿಂತಲೂ ಮೇಲೆ ನಿಲ್ಲಬೇಕು. ನಮ್ಮಲ್ಲಿ ಗಾಳಿ ಪೈಪನ್ನು ಒಂದು ಅಡಿ ತಗ್ಗಿಸಿ ಬಿಟ್ಟಿದ್ದರು. ಮೊದಲ ರಾತ್ರಿಯೇ ಟ್ಯಾಂಕಿನ ನೀರು ಆ ಪೈಪಿನ ಬಾಯಿಂದ ಹೊರಚೆಲ್ಲಿ, ಬೆಳಗ್ಗೆ ಎದ್ದಾಗ ಟ್ಯಾಂಕು ಅರ್ಧಕ್ಕರ್ಧ ಖಾಲಿಯಾಗಿತ್ತು. ನಮ್ಮ ಅಕ್ಷಾಂಶ 14 ಡಿಗ್ರಿಯ ಆಸುಪಾಸು ಇರುವುದರಿಂದ, ಚಳಿಗಾಲದ ಓರೆಬಿಸಿಲು ಚೆನ್ನಾಗಿ ಬೀಳಲು ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ 25ರಿಂದ 30 ಡಿಗ್ರಿ ಓರೆಯಾಗಿರಬೇಕು.

ಪೈಪಿನ ಉದ್ದವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ. ತೊಟ್ಟಿಯಿಂದ ಇಪ್ಪತ್ತು ಮೀಟರ್ ದೂರದ ನಲ್ಲಿಯಲ್ಲಿ ಬಿಸಿನೀರು ಬರಬೇಕಾದರೆ ಪ್ರತಿ ಸಲ ಐದು ಲೀಟರ್ ತಣ್ಣೀರು ಹರಿದುಹೋಗಬೇಕು. ಅಡುಗೆಮನೆಗೂ ಬಿಸಿನೀರಿನ ಲೈನು ಎಳೆಸಿದ್ದೆ. ಒಂದು ಲೋಟ ತೊಳೆಯಲು ಐದು ಲೀಟರ್ ಚೆಲ್ಲುವುದು ಸರಿಯಲ್ಲವೆಂದು ಹೆಂಡತಿ ಅದನ್ನು ಬಳಸಲೇ ಇಲ್ಲ. ಅವಳ ಮಾತೇ ಸರಿ.

ಸೋಲಾರ್ ತೊಟ್ಟಿಯೊಳಗೇ ವಿದ್ಯುತ್ ಕಾಯಿಲು ಹಾಕಿಸಿಕೊಳ್ಳಿ ಎಂದು ಮಾರುವವರು ಒತ್ತಾಯಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಒಬ್ಬರ ಸ್ನಾನಕ್ಕಾಗಿ ಆ ಕಾಯಿಲು 200 ಲೀಟರನ್ನೂ ಕಾಯಿಸಬೇಕು. 60 ಡಿಗ್ರಿಗೆ ತರಲು ಸುಮಾರು 9 ಯೂನಿಟ್, 2 ಕಿಲೋವ್ಯಾಟಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ಹೊತ್ತು. ಅದರ ಬದಲು ಬೇರೆಯಾಗಿ ಒಂದು ಚಿಕ್ಕ ಗೀಸರ್ ಇಟ್ಟುಕೊಳ್ಳುವುದು ಎಷ್ಟೋ ಮೇಲು.

ಆರಿದ್ರ ಮಳೆ ಹಿಡಿದ ಮೇಲೆ ಮಘಾ ಮುಗಿಯುವವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಮಲೆನಾಡಿನಲ್ಲಿ ಸೋಲಾರ್ ಒಂದನ್ನೇ ನಂಬಿ ಕೂರಲಾಗದು. ಹಾಗೆಂದು ಅದು ಪೂರಾ ಸುಮ್ಮನೆ ಕೂತಿರುವುದೂ ಇಲ್ಲ. ಮಳೆ ಹೊಳವಾದ ದಿನ ತೊಟ್ಟಿಯ ನೀರು 28, 29 ಡಿಗ್ರಿಯಾದರೂ ಮುಟ್ಟುತ್ತದೆ. 2021ರಲ್ಲಿ ಸೋಲಾರಿನ ಹೊರಪೈಪಿಗೆ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಮತ್ತು ವಾಲ್ವು ಜೋಡಿಸಿ, ಹಂಡೆಗೆ ಬಾವಿಯ ನೀರಿನ ಬದಲು ಈ ಉಗುರುಬೆಚ್ಚಗಿನ ನೀರೇ ಬೀಳುವಂತೆ ಮಾಡಿದೆ. ಅಂಥ ದಿನಗಳಲ್ಲಿ ನಾಲ್ಕೂವರೆ ಕಿಲೋ ಕಟ್ಟಿಗೆ ಮೂರಕ್ಕೆ ಇಳಿಯುತ್ತದೆ. ಪುಷ್ಯ ಮಳೆ ಬಿಡದೆ ಹೊಡೆಯುವ ವಾರಗಳಲ್ಲಿ ಈ ಲಾಭವೂ ಸಿಗುವುದಿಲ್ಲ, ಆಗ ಒಲೆಯೇ ಗತಿ. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ ತಾಮ್ರದ ಹಂಡೆಯ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುವಾಗಲೂ, ಅದಕ್ಕೆ ತುಂಬುವ ನೀರು ಈಗ ಮೇಲಿನ ತೊಟ್ಟಿಯಿಂದಲೇ ಬರುತ್ತದೆ.

ಈ ವರ್ಷ ನನ್ನ ತಮ್ಮ ನಮ್ಮ ಪಕ್ಕದಲ್ಲೇ ಮನೆ ಕಟ್ಟುತ್ತಿದ್ದಾನೆ. ಸಾಧನ ಕೊಳ್ಳುವುದನ್ನು ಆಮೇಲೆ ನೋಡೋಣ ಎಂದು ಹೇಳಿ, ತಳಪಾಯಕ್ಕೆ ಗೆರೆ ಎಳೆಯುವ ದಿನವೇ ಅವನೂ ನಾನೂ ನಾಲ್ಕು ಜಾಗ ಗುರುತಿಸಿದೆವು: ಜಗುಲಿಗೆ ಬಾಯಿ ತೆರೆಯುವ ಒಲೆ, ಅದರ ಹಿಂದೆ ಹೊಗೆಕೊಳವೆ, ಬಚ್ಚಲಿನ ಮೇಲೆ ದಕ್ಷಿಣದ ನೆರಳಿಲ್ಲದ ಆರ್‌ಸಿಸಿ, ಅದಕ್ಕೂ ಎತ್ತರದಲ್ಲಿ ತಣ್ಣೀರಿನ ಟ್ಯಾಂಕು. ದಕ್ಷಿಣಕ್ಕೆ ಒಂದು ಹಲಸಿನ ಮರ ಇತ್ತು. ಅದನ್ನು ಕಡಿಯದೆ ಬಚ್ಚಲನ್ನೇ ಎಂಟು ಅಡಿ ಪೂರ್ವಕ್ಕೆ ಸರಿಸಿದೆವು.